ಎಂಟು ತುಂಬುವ ತನಕ

ಗುಬ್ಬಿ
9-10-2001

ಆದರೂ ಶಶಿ, ಪ್ರೆಷರ್ ಜಾಸ್ತಿ ಇದ್ದ ಮೇಲೆ ಹರಿವೂ ಜಾಸ್ತಿ ಇರಬೇಕಲ್ಲವೇ? ನಿನ್ನೆ ತುಮಕೂರಿನಲ್ಲಿ ನಿನ್ನನ್ನು ಕುಣಿಗಲ್ ಬಸ್ಸು ಹತ್ತಿಸುವಾಗ ಇದನ್ನೇ ಹೇಳುತ್ತಿದ್ದೆ, ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿಬಿಟ್ಟ. ಮನೆಗೆ ಬಂದ ಮೇಲೂ ತಲೆಯಲ್ಲಿ ಅದೇ ಸುತ್ತುತ್ತಿದೆ. ರಿಟೈರ್ ಆಗುವವರೆಗೆ ಈ ಊರಿಗೆ ನೀರು ಬಿಟ್ಟವನು ನಾನು. ಮೋಟಾರ್ ಮನೆಯ ಗೇಜಿನ ಮುಳ್ಳು ಮೇಲಿದ್ದರೆ ಕೊನೆಯ ಬೀದಿಯ ನಲ್ಲಿಯೂ ಸುರಿಯುತ್ತದೆ. ಮುಳ್ಳು ಇಳಿದರೆ ಹೆಂಗಸರು ಖಾಲಿ ಕೊಡ ಹಿಡಿದು ನನ್ನ ಮನೆತನವನ್ನೆಲ್ಲ ಬೈಯುತ್ತಾರೆ. ಬಿ.ಎಸ್ಸಿ. ಮೊದಲ ವರ್ಷದಲ್ಲಿ ಓದಿದ್ದೆ: ಪ್ರೆಷರ್ ಈಸ್ ಡೈರೆಕ್ಟ್‌ಲಿ ಪ್ರೊಪೋರ್ಷನಲ್ ಟು... ಏನಕ್ಕೋ. ಎರಡನೆಯ ವರ್ಷ ಓದಿದ್ದರೆ ಉಳಿದದ್ದೂ ಬರುತ್ತಿತ್ತು.

ಆ ಲೇಡಿ ಡಾಕ್ಟರು ನೋಡಿದರೆ, ನಿನ್ನ ಪ್ರೆಷರ್ ಏರಿದೆ, ಹೊಟ್ಟೆಯ ಮಗುವಿಗೆ ಹೋಗುವ ರಕ್ತ ಕಡಿಮೆಯಾಗಿದೆ, ಅದಕ್ಕೇ ಮಗು ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ ಎನ್ನುತ್ತಾರೆ. ಏರಿದರೆ ಕಡಿಮೆಯಾಗುವುದು ಯಾವ ಸೈನ್ಸು? ಕೇಳಿದ್ದಕ್ಕೆ "ಅಜ್ಜಾ, ನೀವು ಸ್ವಲ್ಪ ಹೊರಗೆ ಕೂತ್ಕೊಳಿ" ಅಂದರು. ಅಜ್ಜ ಆಗುವುದಕ್ಕೆ ಇನ್ನೂ ಟೈಮಿದೆ, ಅದಕ್ಕೆ ಮುಂಚೆಯೇ ಪ್ರಮೋಷನ್ ಕೊಟ್ಟರು.

ಇರಲಿ. ಮಾತ್ರೆ ತಪ್ಪಿಸಬೇಡ. ಉಪ್ಪಿನಕಾಯಿ, ಹಪ್ಪಳ ಮುಟ್ಟಬೇಡ. ಎಡಮಗ್ಗುಲಿಗೆ ಮಲಗು. ಊಟವಾದ ಮೇಲೆ ಸುಮ್ಮನೆ ಕೂತು ಮಗು ಆಡುತ್ತದೆಯೋ ಇಲ್ಲವೋ ನೋಡಿಕೋ. ಇವೆಲ್ಲ ನಾನು ಹೊರಗೆ ಕೂತೇ ಕೇಳಿಸಿಕೊಂಡದ್ದು, ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ನಿಮ್ಮಮ್ಮ ರಂಗಮ್ಮ ನಿನ್ನನ್ನು ಹೆರುವ ದಿನದ ಬೆಳಿಗ್ಗೆಯೂ ರಾಗಿ ಬೀಸಿದಳು. ಪ್ರೆಷರ್ ಎನ್ನುವ ಹೆಸರನ್ನೇ ಕೇಳಿರಲಿಲ್ಲ. ಹೋದ ಸಲದ್ದು ಐದು ತಿಂಗಳಿಗೇ ಕೈಬಿಟ್ಟೆ. ಈ ಸಲ ಗಟ್ಟಿಯಾಗಿ ಹಿಡಿದುಕೋ. ನಿಮ್ಮ ಅತ್ತೆಯ ಮುಂದೆ ಸ್ಕ್ಯಾನಿನ ವಿಷಯ ಎತ್ತಬೇಡ, ಆಕೆ ಅದನ್ನು ಇಡೀ ಕುಣಿಗಲ್ಲಿಗೆ ಹಂಚುತ್ತಾಳೆ.

ನಿನ್ನ ಅಪ್ಪ,
ಮಹಾಲಿಂಗಯ್ಯ


ಕುಣಿಗಲ್
15-10-2001

ಅಪ್ಪನಿಗೆ ಶಶಿರೇಖಾ ಮಾಡುವ ನಮಸ್ಕಾರ.

ಸ್ಕ್ಯಾನಿನ ವಿಷಯ ನಾನು ಎತ್ತಲಿಲ್ಲ, ನಿಮ್ಮ ಕಾಗದವೇ ಎತ್ತಿತು. ಅತ್ತೆ ಒಡೆದು ಓದಿದ ಮೇಲೆ ನನ್ನ ಕೈಗೆ ಕೊಟ್ಟರು. ತಮ್ಮ ಬಗ್ಗೆ ಬರೆದದ್ದನ್ನು ಎರಡು ಸಲ ಓದಿರಬೇಕು, ಆ ಜಾಗದಲ್ಲಿ ಅರಿಶಿನದ ಬೆರಳಿನ ಗುರುತಿದೆ.

ಇಲ್ಲಿ ಹಗಲು ಹೊತ್ತು ಮಲಗಿದರೆ ಅವರು ಬಾಗಿಲಲ್ಲಿ ನಿಂತು ಎದುರು ಮನೆಯ ಹನುಮಮ್ಮನಿಗೆ ಕೂಗಿ ಹೇಳುತ್ತಾರೆ: "ನಮ್ಮನೇಲಿ ಒಬ್ರು ಮಾರಾಣಿ ಅವ್ರೆ ಕಣಮ್ಮೋ. ಎಡಕ್ಕೇ ಒರಗ್ಬೇಕಂತೆ. ಬಲಕ್ಕೆ ತಿರುಗುದ್ರೆ ರಾಜ್ಯ ಮುಳುಗೋಯ್ತದೆ." ನನಗೆ ನಗು ಬಂತು. ನಕ್ಕರೆ ಎದ್ದು ಮಾವನ ಹಿಟ್ಟಿನ ಮಿಲ್ಲಿಗೆ ಹೋಗಬೇಕಾಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಆದರೂ ಹೋಗಬೇಕಾಯಿತು. ಮಾವ ಊಟಕ್ಕೆ ಬಂದಾಗ ಗಲ್ಲಾದ ಮುಂದೆ ಕೂರಲು ಬೇರೆ ಯಾರಿದ್ದಾರೆ? ಮಗು ಸಣ್ಣದು ಎಂದದ್ದಕ್ಕೆ ಅತ್ತೆಗೆ ಸಂತೋಷವೇ. "ಸಣ್ಣುಕ್ಕಿದ್ರೆ ಸಲೀಸಾಗಿ ಜಾರ್ತದೆ, ಬುಡು. ಅದುಕ್ಕೂ ಡಾಕ್ಟ್ರ ತಾವ್ಕೆ ಓಡ್ತಾರಾ?"

ನಿಮ್ಮ ಅಳಿಯಂದಿರು ಕುದುರೆ ಫಾರಮ್ಮಿನ ಆಫೀಸಿನಲ್ಲಿ ಕುಳಿತು ಬರೆಯುವುದೆಲ್ಲ ಕುದುರೆಗಳ ಬಸಿರು ಬಾಣಂತನವೇ. ಮೊನ್ನೆ ಒಂದು ಗಬ್ಬದ ಕುದುರೆಗೆ ಹಿಂಗಾಲು ಊದಿತ್ತಂತೆ, ಡಾಕ್ಟರು ಜೀಪು ಹಾಕಿಕೊಂಡು ಬಂದರಂತೆ. ಊಟಕ್ಕೆ ಕೂತು ಹೆಮ್ಮೆಯಿಂದ ಹೇಳಿದರು. ನಾನು ಚಪ್ಪಲಿ ಹಿಡಿಸದ ಎರಡು ಕಾಲಿನ ಮೇಲೆ ನಿಂತು ಅವರಿಗೆ ಸಾರು ಬಡಿಸುತ್ತಿದ್ದೆ. ಅವರು ಕೆಟ್ಟವರಲ್ಲ ಅಪ್ಪ. ತಲೆ ಎತ್ತಿ ನೋಡುವ ಅಭ್ಯಾಸವಿಲ್ಲ, ಅಷ್ಟೇ.

ನನ್ನನ್ನು ಗುಬ್ಬಿಗೆ ಕರೆದುಕೊಂಡು ಹೋಗಿ. ಅಲ್ಲಿಂದ ತುಮಕೂರಿನ ಡಾಕ್ಟರು ಹತ್ತಿರ. ಏಳು ತಿಂಗಳು ತುಂಬುತ್ತಿದೆ, ತವರಿಗೆ ಕರೆಯುವ ಕಾಲ, ಕೇಳುವುದಕ್ಕೆ ದಾರಿಯೂ ಇದೆ. ಅತ್ತೆ ಈಗಾಗಲೇ ಒಂದು ಮಾತು ತೆಗೆದಿಟ್ಟಿದ್ದಾರೆ: "ತಾಯಿಲ್ಲದ ಮನೇಗೆ ಬಾಣಂತನಕ್ಕೆ ಕಳ್ಸುದ್ರೆ ಅವ್ರಪ್ಪ ಏನ್ ಮೋಟ್ರಾಕಿ ಹೆರಿಗೆ ಮಾಡುಸ್ತಾನಾ?" ಇದಕ್ಕೆ ನೀವು ಉತ್ತರ ಬರೆಯುತ್ತೀರಿ ಎಂದು ನನಗೆ ಗೊತ್ತು. ಬರೆಯಬೇಡಿ. ಜಗಳವಿಲ್ಲದೆ ಕೇಳಿ. ನಿಮಗೆ ಗೆಲ್ಲುವುದು ಮುಖ್ಯ, ನನಗೆ ಬರುವುದು ಮುಖ್ಯ. ಈ ಮಗು ನನಗೆ ಬೇಕು.

ಅಮ್ಮ ಹೆರುವ ದಿನವೂ ರಾಗಿ ಬೀಸಿದ್ದು ಮನೆಯಲ್ಲಿ ಬೇರೆ ಯಾರೂ ಬೀಸುವವರಿಲ್ಲದ್ದಕ್ಕೆ.

ನಿಮ್ಮ ಮಗಳು,
ಶಶಿರೇಖಾ


ಗುಬ್ಬಿ
18-10-2001

ಬೀಗರಾದ ಶ್ರೀ ಗುಂಡಯ್ಯನವರಿಗೂ, ಪತ್ರಗಳನ್ನು ಮೊದಲು ಓದುವ ಶ್ರೀಮತಿ ಸಿದ್ದಲಕ್ಷ್ಮಮ್ಮನವರಿಗೂ ಮಹಾಲಿಂಗಯ್ಯನ ವಂದನೆಗಳು.

ಹಬ್ಬ ಕಳೆದ ಮೇಲೆ ಒಳ್ಳೆಯ ದಿನ ನೋಡಿ ತಿಳಿಸಿದರೆ ನಾನು ಬಂದು ಮಗಳಿಗೆ ಬಳೆ ತೊಡಿಸಿ, ಮಡಿಲು ತುಂಬಿ, ಕರೆದುಕೊಂಡು ಹೋಗುತ್ತೇನೆ. ಇದು ತವರಿನವರ ಹಕ್ಕು. ಮನೆಯಲ್ಲಿ ಹೆಂಗಸಿಲ್ಲ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ನಮ್ಮ ಪಕ್ಕದ ಮನೆಯ ಬೀಬಿಜಾನ್, ರಂಗಮ್ಮ ತೀರಿಕೊಂಡ ಮೇಲೆ ಶಶಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದ ಹೆಂಗಸು. ಆಕೆ ನಾಲ್ಕು ಹೆತ್ತಿದ್ದಾರೆ, ನಾಲ್ಕೂ ಬದುಕಿವೆ. ಮೋಟಾರಿನ ಅಗತ್ಯ ಬೀಳುವುದಿಲ್ಲ.

ಫಾರ್ ಯುವರ್ ಕೈಂಡ್ ಇನ್ಫರ್ಮೇಷನ್, ನಿಮ್ಮ ಮಿಲ್ಲಿನ ಬೆಲ್ಟು ಬಿಸಿಯಾದರೆ ಮಿಲ್ಲು ನಿಲ್ಲಿಸಿ ಗಿರಾಕಿಗಳನ್ನು ಕಾಯಿಸುತ್ತೀರಿ. ನಾನೇ ಒಮ್ಮೆ ಕಾದಿದ್ದೇನೆ. ಬಸುರಿಯನ್ನು ಮಲಗಿಸಿ ಎಂದು ಡಾಕ್ಟರು ಹೇಳಿದ್ದನ್ನು ನಿಮಗೆ ತಿಳಿಯುವ ಹಾಗೆ ಹೇಳಬೇಕೆಂದು ಈ ಉದಾಹರಣೆ ಕೊಟ್ಟೆ. ತಪ್ಪು ತಿಳಿಯಬೇಡಿ.

ಇಂತಿ ತಮ್ಮ ಬೀಗ,
ಮಹಾಲಿಂಗಯ್ಯ


ಕುಣಿಗಲ್
24-10-2001

ಪೂಜ್ಯ ಬೀಗರ ಪಾದಗಳಿಗೆ ಗುಂಡಯ್ಯನು ಮಾಡುವ ಶರಣು.

ತಮ್ಮ ಪತ್ರ ಓದಿ ಮನೆಮಂದಿಗೆಲ್ಲ ಆನಂದವಾಯಿತು. ಮಿಲ್ಲಿನ ಉದಾಹರಣೆಯನ್ನು ಗಿರಾಕಿಗಳಿಗೂ ಓದಿ ಹೇಳಿದೆ, ಅವರೂ ನಕ್ಕರು. 29ನೇ ತಾರೀಖು ಒಳ್ಳೆಯ ದಿನ, ದಯಮಾಡಿಸಿ. ಹಸಿರು ಬಳೆ ದೊಡ್ಡ ಅಳತೆಯದು ತನ್ನಿ, ಹುಡುಗಿಯ ಕೈ ದಪ್ಪವಾಗಿದೆ. ಮೈ ತುಂಬಿಕೊಂಡಿದ್ದಾಳೆ ಎಂದು ನೋಡಿದವರೆಲ್ಲ ಹೇಳುತ್ತಾರೆ, ನಾವು ಹೊಟ್ಟೆಗೆ ಕಡಿಮೆ ಮಾಡಿಲ್ಲ.

ಒಂದೇ ವಿನಂತಿ. ಹೆಣ್ಣು ನಿಮ್ಮದು, ಮಗು ನಮ್ಮ ವಂಶದ್ದು. ಅಲ್ಲಿರುವ ತನಕ ಏನೇ ಮಾಡಿಸುವುದಿದ್ದರೂ ನಮಗೊಂದು ಮಾತು ತಿಳಿಸಿ ಮಾಡಿಸಬೇಕು. ಹೋದ ಸಲ ಆಕೆ ಗುಬ್ಬಿಗೆ ಮದುವೆಯೂಟಕ್ಕೆ ಬಂದು ಹೋದ ಮೇಲೆಯೇ ಹಾಗಾದದ್ದು. ಅದನ್ನು ನಾವು ಈ ತನಕ ಬಾಯಿಬಿಟ್ಟು ಆಡಿಲ್ಲ, ಮುಂದೆಯೂ ಆಡುವುದಿಲ್ಲ.

ತಮ್ಮ ವಿಧೇಯ,
ಗುಂಡಯ್ಯ


ಗುಬ್ಬಿ
9-11-2001

ಬೀಗರಾದ ಶ್ರೀ ಗುಂಡಯ್ಯನವರಿಗೆ,

ಅರ್ಜೆಂಟ್ ಪತ್ರ, ಆದ್ದರಿಂದ ಕ್ಷೇಮಸಮಾಚಾರ ಬಿಟ್ಟಿದ್ದೇನೆ.

ನಿನ್ನೆ ಶಶಿಯನ್ನು ತುಮಕೂರಿಗೆ ಕರೆದೊಯ್ದಿದ್ದೆ. ಎರಡು ತರಹದ ಮಾತ್ರೆ ಕೊಟ್ಟರೂ ಪ್ರೆಷರ್ ಇಳಿಯುತ್ತಿಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ. ಬಣ್ಣದ ಸ್ಕ್ಯಾನ್ ಎಂದು ಒಂದು ಬಂದಿದೆ, ರಕ್ತ ಹರಿಯುವುದು ಟಿ.ವಿ.ಯಲ್ಲಿ ಕಾಣುತ್ತದೆ. ಅದರಲ್ಲಿ ನೋಡಿದರು. ಮಗುವಿಗೆ ಹೋಗುವುದು ತೀರಾ ಸಣ್ಣಗಾಗಿದೆ, ಹೋದ ಸ್ಕ್ಯಾನಿನಿಂದ ಈಚೆಗೆ ಮಗು ಬೆಳೆದೇ ಇಲ್ಲ.

ನನಗೂ ಮೊದಲು ಅರ್ಥವಾಗಿರಲಿಲ್ಲ. ಈ ಸಲ ಡಾಕ್ಟರು ನನ್ನನ್ನು ಹೊರಗೆ ಕಳಿಸದೆ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ತಾಯಿಯಿಂದ ಮಾಸಿಗೆ ಹೋಗುವ ನಾಳಗಳು ಅಗಲವಾಗಬೇಕಿತ್ತು, ಇವಳಿಗೆ ಕಿರಿದಾಗಿಯೇ ಉಳಿದಿವೆ. ಅಗ್ರಹಾರದ ಪೈಪಿಗೆ ಬೇವಿನ ಬೇರು ಹೊಕ್ಕ ವರ್ಷ ಹೀಗೇ ಆಗಿತ್ತು. ಮೋಟಾರ್ ಮನೆಯಲ್ಲಿ ಮುಳ್ಳು ತುದಿ ಮುಟ್ಟಿದೆ, ಅಲ್ಲಿ ನೋಡಿದರೆ ನಲ್ಲಿಯಲ್ಲಿ ಗಾಳಿ. ನಾನು ಮುಳ್ಳನ್ನು ನೋಡಿ ಎಲ್ಲ ಸರಿಯಾಗಿದೆ ಎಂದು ಬರೆದು ಕಳಿಸಿದ್ದೆ. ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ.

ಮಗುವಿನ ಶ್ವಾಸಕೋಶ ಬಲಿಯಲು ಎರಡು ಇಂಜೆಕ್ಷನ್ ಕೊಡುತ್ತಾರೆ. ಸೋಮವಾರ ಆಪರೇಷನ್ ಮಾಡಿ ತೆಗೆಯಬೇಕಂತೆ. "ಒಳಗಿದ್ರೆ ಉಪವಾಸ, ಹೊರಗೆ ಬಂದ್ರೆ ನಾವು ನೋಡ್ಕೋತೀವಿ. ಅಜ್ಜಾ, ತಡ ಮಾಡಿದ್ರೆ ತಾಯಿಗೂ ಫಿಟ್ಸ್ ಬರುತ್ತೆ" ಎಂದರು. ಸಹಿಗೆ ನನಗೇ ಪೆನ್ನು ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ. ನಿಮಗೆ ತಿಳಿಸದೆ ಮಾಡಬಾರದೆಂದು 24ನೇ ತಾರೀಖಿನ ಪತ್ರದಲ್ಲಿ ನೀವೇ ಬರೆದಿದ್ದೀರಿ. ನಡೆಯುತ್ತಿರುವುದು ಎಂಟನೇ ತಿಂಗಳು ಎಂಬುದೂ ನನಗೆ ಗೊತ್ತಿದೆ. ನಾಳೆ ಏನಾದರೂ ಆದರೆ ಮದುವೆಯೂಟದ ಹಾಗೆ ಇದನ್ನೂ ಬಾಯಿಬಿಟ್ಟು ಆಡದೆ ಇಟ್ಟುಕೊಳ್ಳುತ್ತೀರಿ. ಆದ್ದರಿಂದ ಒಪ್ಪಿಗೆಯನ್ನು ಇನ್ ಬ್ಲ್ಯಾಕ್ ಅಂಡ್ ವೈಟ್ ಕಳಿಸಿ. ಫೋನು ಬೇಡ. ಫೋನಿನಲ್ಲಿ ಆಡಿದ್ದಕ್ಕೆ ಆಧಾರ ಇರುವುದಿಲ್ಲ.

ಮಹಾಲಿಂಗಯ್ಯ


ಕುಣಿಗಲ್
12-11-2001

ಪೂಜ್ಯ ಬೀಗರಿಗೆ ಗುಂಡಯ್ಯನ ಶರಣು.

ತಮ್ಮ ಅರ್ಜೆಂಟ್ ಪತ್ರ ಶನಿವಾರ ಸಂಜೆ ಸೇರಿತು. ನಿನ್ನೆ ಭಾನುವಾರವಾದ್ದರಿಂದ ಇಂದು ಬರೆಯುತ್ತಿದ್ದೇನೆ.

ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಒಂಬತ್ತರಲ್ಲಿ ಹುಟ್ಟಿದ್ದಂತೂ ಉಳಿಯುತ್ತದೆ, ಎಂಟರದ್ದು ಮಾತ್ರ ದಕ್ಕುವುದಿಲ್ಲ ಎಂಬುದು ನಮ್ಮ ಮನೆಯಾಕೆಯ ನಂಬಿಕೆ. ಕೊತ್ತಗೆರೆಯಲ್ಲಿ ಅವಳ ತಂಗಿಯ ಮಗು ಹಾಗೇ ಹೋಯಿತು. ಲೆಕ್ಕ ಹಾಕಿದ್ದೇವೆ, ಇದೇ 29ಕ್ಕೆ ಎಂಟು ತುಂಬುತ್ತದೆ. ಇಷ್ಟು ದಿನ ಇದ್ದದ್ದು ಅಷ್ಟು ದಿನ ಇರಲಾರದೇ ಎಂದು ಆಕೆ ಕೇಳುತ್ತಾಳೆ.

ಆದರೂ ನಾವು ಡಾಕ್ಟರಿಗಿಂತ ದೊಡ್ಡವರಲ್ಲ. ತಾವು ಕಾಲೇಜು ಮೆಟ್ಟಿಲು ಹತ್ತಿದವರು, ನಾವು ಹಿಟ್ಟು ಬೀಸುವವರು. ತಮಗೆ ಸರಿ ಕಂಡದ್ದು ಮಾಡಿಸಿ, ನಾವು ಒಪ್ಪಿದ್ದೇವೆ. ಒಳ್ಳೆಯದಾದರೆ ಎಲ್ಲರಿಗೂ ಒಳ್ಳೆಯದು. ಆಗದಿದ್ದರೆ ನಾವೇನೂ ಕೇಳುವವರಲ್ಲ. ಕೇಳುವವರು ಊರಿನವರು, ಅವರ ಬಾಯಿ ನಮ್ಮ ಕೈಯಲ್ಲಿಲ್ಲ.

ತಮ್ಮ ವಿಧೇಯ,
ಗುಂಡಯ್ಯ


ಗುಬ್ಬಿ
14-11-2001

ಶ್ರೀ ಗುಂಡಯ್ಯನವರಿಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಸೋಮವಾರ ಆಗಬೇಕಿದ್ದ ಆಪರೇಷನ್ನಿಗೆ ನೀವು ಸೋಮವಾರ ಬರೆದಿದ್ದೀರಿ. ಇಂದು ಕೈಸೇರಿತು.

ಇದನ್ನು ಒಪ್ಪಿಗೆ ಎನ್ನುತ್ತೀರಾ? ಮೊದಲು ಎಂಟರದ್ದು ದಕ್ಕುವುದಿಲ್ಲ ಎಂದು ಬರೆಯುತ್ತೀರಿ, ಕೊತ್ತಗೆರೆಯ ಸತ್ತ ಮಗುವನ್ನು ಎತ್ತಿ ತಂದು ನನ್ನ ಮುಂದೆ ಮಲಗಿಸುತ್ತೀರಿ, ಆಮೇಲೆ ನಿನಗೆ ಸರಿ ಕಂಡದ್ದು ಮಾಡು ಎನ್ನುತ್ತೀರಿ. ಮಗು ಉಳಿದರೆ ನಿಮ್ಮ ವಂಶ, ಹೋದರೆ ನನ್ನ ಕಾಲೇಜು ಮೆಟ್ಟಿಲು. ಕೊನೆಗೆ ಊರಿನವರನ್ನು ಬೇರೆ ಕಾವಲಿಗೆ ನಿಲ್ಲಿಸಿದ್ದೀರಿ. ಐ ಆಮ್ ನಾಟ್ ಎ ಫೂಲ್.

ಹೀಗೆ ಬರೆದು ಕಳಿಸಿ: ಎಂಟನೇ ತಿಂಗಳಲ್ಲಿ ತೆಗೆಸಿ ಎಂದು ಹೇಳುತ್ತಿರುವವರು ನಾವೇ. ಏನಾದರೂ ಆದರೆ ಅದಕ್ಕೆ ಮಹಾಲಿಂಗಯ್ಯ ಹೊಣೆಯಲ್ಲ. ಕೆಳಗೆ ನಿಮ್ಮ ಸಹಿ, ನಿಮ್ಮ ಮನೆಯವರ ಸಹಿ, ಅಳಿಯ ಕಾಂತೇಶನ ಸಹಿ. ಅದು ಬಂದ ದಿನವೇ ಶಶಿಯನ್ನು ಅಡ್ಮಿಟ್ ಮಾಡಿಸುತ್ತೇನೆ. ಅದಿಲ್ಲದೆ ನನ್ನ ಮಗಳ ಹೊಟ್ಟೆಗೆ ಕತ್ತರಿ ಹಾಕಿಸಿ, ಮುಂದೆ ಸಾಯುವ ತನಕ ನಿಮ್ಮ ಮೌನ ಕೇಳಿಕೊಂಡು ಕೂರುವುದಕ್ಕೆ ನಾನು ತಯಾರಿಲ್ಲ.

ಹಬ್ಬದ ರಜೆ ಇದೆ, ಬೇಗ ಟಪಾಲಿಗೆ ಹಾಕಿ.

ಮಹಾಲಿಂಗಯ್ಯ


ಗುಬ್ಬಿ
16-11-2001

ನಿಮಗೆ ಶಶಿರೇಖಾ ಬರೆಯುವುದು.

ಇದನ್ನು ಬೀಬಿಜಾನಮ್ಮನ ಮಗ ಜುಲ್ಫಿಕರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಕುಣಿಗಲ್ಲಿಗೆ ಲೋಡು ತರುತ್ತಾನೆ. ಫಾರಮ್ಮಿನ ಗೇಟಿನಲ್ಲೇ ನಿಮ್ಮ ಕೈಗೆ ಕೊಡಬೇಕು, ಮಿಲ್ಲಿಗೆ ಹೋಗಬಾರದು ಎಂದು ಹೇಳಿದ್ದೇನೆ.

ನಿನ್ನೆಯಿಂದ ತಲೆ ಒಡೆದುಹೋಗುವ ಹಾಗಿದೆ. ಕಣ್ಣ ಮುಂದೆ ವೆಲ್ಡಿಂಗ್ ಕಿಡಿಯಂತೆ ಏನೋ ಹಾರುತ್ತದೆ. ಮಗು ಆಡುತ್ತದೆ, ಆದರೆ ಮೊದಲಿನ ಹಾಗಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಒಮ್ಮೆ ಹೊರಳಿ ಸುಮ್ಮನಾಗುತ್ತದೆ.

ಇಲ್ಲಿ ಅಪ್ಪ, ಅಲ್ಲಿ ಮಾವ. ಇಬ್ಬರೂ ಕಾಗದ ಬರೆಯುವುದರಲ್ಲಿದ್ದಾರೆ. ನಿನ್ನೆ ಬೀಬಿಜಾನಮ್ಮ ಅಂಗಳದಲ್ಲಿ ನಿಂತು ಅಪ್ಪನಿಗೆ ಮುಖಕ್ಕೇ ಹೇಳಿದರು:

"ಅಣ್ಣಾ, ಕಾಗ್ದಾನಾ ಮಗು ಹೆರೋದು? ಹುಡ್ಗೀನ ಗಾಡಿಗ್ ಹತ್ಸು. ನನ್ ಮಗ ಬಿಟ್ಟ್ ಬರ್ತಾನೆ."

"ನಿಂಗೆ ಇದೆಲ್ಲ ತಿಳಿಯಲ್ಲ ಬೀಬಿಜಾನ್. ಇದು ಪ್ರಿನ್ಸಿಪಲ್ಲು."

"ಅವ್ರು ಯಾರಾದ್ರೂ ಆಗ್ಲಿ ಅಣ್ಣಾ, ಅವ್ರಿಗೇನ್ ಹೊಟ್ಟೇಲಿ ಮಗು ಐತಾ?"

ನಾನು ನಕ್ಕೆ. ನಕ್ಕರೆ ತಲೆನೋವು ಜಾಸ್ತಿ.

ನಾನೇ ಸಹಿ ಹಾಕುತ್ತೇನೆ ಎಂದೆ. "ಹೆಣ್ಣುಮಕ್ಳು ತಮ್ಮ ಹೊಟ್ಟೆ ಕುಯ್ಯೋಕೆ ತಾವೇ ಸಹಿ ಹಾಕೋದು ಎಲ್ಲಾದ್ರೂ ಉಂಟೇನೇ? ಗಂಡ ಸತ್ತಿದ್ದಾನಾ, ಅಪ್ಪ ಸತ್ತಿದ್ದಾನಾ?" ಎಂದು ಅಪ್ಪ ಕೂಗಾಡಿದರು. ಇಬ್ಬರೂ ಬದುಕಿದ್ದೀರಿ, ಅದೇ ತೊಂದರೆಯಾಗಿರುವುದು.

ನೀವು ಬನ್ನಿ. ಒಂದು ಸಹಿ ಸಾಕು, ಆಮೇಲೆ ಬೇಕಾದರೆ ಮುಂದಿನ ಬಸ್ಸಿಗೇ ಹೊರಟುಹೋಗಿ. ಫಾರಮ್ಮಿನಲ್ಲಿ ರಜೆ ಕೊಡದಿದ್ದರೆ ಹೆಂಡತಿಗೆ ಎನ್ನಬೇಡಿ. ಕುದುರೆಗೆ ಎಂದು ಹೇಳಿ, ಜೀಪು ಕೊಟ್ಟು ಕಳಿಸುತ್ತಾರೆ.

ಶಶಿರೇಖಾ


ಕುಣಿಗಲ್
19-11-2001

ಪೂಜ್ಯ ಬೀಗರಿಗೆ,

ತಾವು ಕೇಳಿದ ಹಾಗೆಯೇ, ತಮ್ಮ ಮಾತುಗಳಲ್ಲಿಯೇ ಬರೆದು ಮೂವರೂ ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇವೆ. ಮನೆಯಾಕೆ ಮೊದಲು ಒಲ್ಲೆ ಎಂದಳು. ನಂತರ ದೇವರ ಮುಂದೆ ದೀಪ ಹಚ್ಚಿಟ್ಟು ಸಹಿ ಹಾಕಿದಳು. ಇನ್ನು ತಡ ಮಾಡಬೇಡಿ.

ಕಾಂತೇಶ ಶನಿವಾರವೇ ಹೊರಟು ನಿಂತಿದ್ದ. ಯಾರೋ ಸಾಬರ ಹುಡುಗ ಏನೋ ಚೀಟಿ ತಂದುಕೊಟ್ಟನಂತೆ. ನಾನೇ ತಡೆದೆ. ಹಿರಿಯರಿಬ್ಬರ ನಡುವೆ ವ್ಯವಹಾರ ನಡೆಯುತ್ತಿರುವಾಗ ಚಿಕ್ಕವನು ನಡುವೆ ಬಂದು ಸಹಿ ಹಾಕಿದರೆ ತಮಗೆ ಅವಮಾನವಲ್ಲವೇ? ತಮ್ಮ ಮರ್ಯಾದೆ ನಮ್ಮ ಮರ್ಯಾದೆ ಬೇರೆಯಲ್ಲ.

ಮೊಮ್ಮಗ ಹುಟ್ಟಿದ ಕೂಡಲೇ ತಿಳಿಸಿ. ಅದಕ್ಕೆ ಫೋನಾದರೂ ನಡೆಯುತ್ತದೆ.

ತಮ್ಮ ವಿಧೇಯ,
ಗುಂಡಯ್ಯ


ತುಮಕೂರು
28-11-2001

ಮಹಾಲಿಂಗಯ್ಯನವರಿಗೆ,

ನಾನು ಹೇಳುತ್ತಿದ್ದೇನೆ, ವಾರ್ಡಿನ ಸಿಸ್ಟರ್ ಬರೆದುಕೊಳ್ಳುತ್ತಿದ್ದಾರೆ. ಫಿಟ್ಸ್ ಬಂದ ಮೇಲೆ ಕಣ್ಣು ಮಬ್ಬಾಗಿದೆ. ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಕಿಟಕಿಯಲ್ಲಿ ನಿಂತವರು ಯಾರೆಂದು ಗೊತ್ತಾಗುವುದಿಲ್ಲ. ದಿನೇ ದಿನೇ ತಿಳಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಆಗದಿದ್ದರೂ ನನಗೆ ಅವಸರವಿಲ್ಲ.

20ನೇ ತಾರೀಖು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದದ್ದು ನನಗೆ ನೆನಪಿಲ್ಲ. ಬೀಬಿಜಾನಮ್ಮ ಹೇಳಿ ಗೊತ್ತಾಯಿತು. ನಾಲಿಗೆ ಕಚ್ಚಿಕೊಂಡಿದ್ದೆನಂತೆ. ಅವರೂ ಜುಲ್ಫಿಕರನೂ ನನ್ನನ್ನು ಗಾಡಿಗೆ ಎತ್ತಿಹಾಕುವಾಗ ನೀವು ಬಾಗಿಲಲ್ಲಿ ನಿಂತು, ಇವತ್ತಿನ ಟಪಾಲಿಗೆ ಬಂದೇ ಬರುತ್ತದೆ, ಇವತ್ತು ಬಂದೇ ಬರುತ್ತದೆ ಎನ್ನುತ್ತಿದ್ದಿರಂತೆ. ಇಲ್ಲಿ ತಲುಪುವ ಹೊತ್ತಿಗೆ ಮಗುವಿನ ಎದೆ ಬಡಿತ ನಿಂತಿತ್ತು. ಮರುದಿನ ಬಂದಿತಲ್ಲ ನಿಮ್ಮ ಕಾಗದ? ಮೂವರ ಸಹಿಯೂ ಇತ್ತೇ? ಜೋಪಾನವಾಗಿ ಇಟ್ಟುಕೊಳ್ಳಿ.

ನೀವು ದಿನವೂ ಬಂದು ವಾರ್ಡಿನ ಬಾಗಿಲಲ್ಲಿ ಕೇಳುತ್ತೀರಿ ಎಂದು ಆಯಾ ಹೇಳುತ್ತಾಳೆ. ನಾನೇ ಬಿಡಬೇಡ ಎಂದಿದ್ದೇನೆ, ಅವಳ ಮೇಲೆ ರೇಗಬೇಡಿ. ಕುಣಿಗಲ್ಲಿನವರು ಯಾರೂ ಬಂದಿಲ್ಲ. ಬಂದರೆ ಅವರಿಗೂ ಅದೇ ಮಾತು.

ಒಂದು ವಿಷಯ ಕೇಳಬೇಕು. ಮಗುವನ್ನು ನನಗೆ ತೋರಿಸಲಿಲ್ಲ. ತೋರಿಸಿದ್ದರೂ ನನಗೆ ಕಾಣುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ನಿಮ್ಮ ಕೈಗೆ ಕೊಟ್ಟರಂತೆ. ಬೀಬಿಜಾನಮ್ಮ ಕೇಳಿದರೂ ಬಿಚ್ಚಲು ಬಿಡದೆ ನೀವೊಬ್ಬರೇ ತೆಗೆದುಕೊಂಡು ಹೋದಿರಂತೆ. ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ಕೇಸ್ ಶೀಟ್ ನೋಡಿ ಹೇಳುತ್ತೇನೆ ಎಂದರು ಸಿಸ್ಟರ್. ಬೇಡ ಎಂದೆ. ಅದು ನಿಮ್ಮಿಂದಲೇ ಬರಲಿ. ಗಂಡೋ ಹೆಣ್ಣೋ, ಅಷ್ಟು ಬರೆದು ಆಯಾ ಕೈಯಲ್ಲಿ ಕಳಿಸಿ.

ಬಾಯಲ್ಲಿ ಹೇಳಿ ಕಳಿಸಬೇಡಿ. ಬರವಣಿಗೆಯಲ್ಲಿಯೇ ಕೊಡಿ. ಬಾಯಿಮಾತಿಗೆ ಆಧಾರ ಇರುವುದಿಲ್ಲವಲ್ಲ.

ಶಶಿರೇಖಾ


ತುಮಕೂರು, ಆಸ್ಪತ್ರೆಯ ಅಂಗಳ
30-11-2001

ಅದೇ ಶಶಿ, ನಿನ್ನೆ ಆಯಾ ಹತ್ತಿರ ಹೇಳಿ ಕಳಿಸಿದ್ದೆನಲ್ಲ, ಎಳನೀರು ನಾನೇ ತಂದದ್ದು ಅಂತ. ನೀನು ಪಕ್ಕದ ಮಂಚದವಳಿಗೆ ಕೊಟ್ಟುಬಿಟ್ಟೆಯಂತೆ. ಆಗಲಿ, ಅವಳಾದರೂ ಕುಡಿದಳು. ಇವತ್ತೂ ಎರಡು ತಂದಿದ್ದೇನೆ.

ಬೆಳಿಗ್ಗೆಯಿಂದ ಈ ಹೊಂಗೆ ಮರದ ಕೆಳಗೆ ಕೂತಿದ್ದೇನೆ. ಹೆರಿಗೆಗೆ ಬಂದವರ ಕಡೆಯವರೆಲ್ಲ ಇಲ್ಲೇ ಇರುವುದು. ಹಾಗಲವಾಡಿ ಕಡೆಯ ದ್ಯಾವಪ್ಪ ಎನ್ನುವವರು ಬುತ್ತಿಯಲ್ಲಿ ಪಾಲು ಕೊಟ್ಟರು. ಅವರ ಸೊಸೆಗೂ ಪ್ರೆಷರಂತೆ. "ಯಾವ ಸಹಿನೋ ಏನೋ ಸ್ವಾಮಿ, ತೋರ್ಸಿದ್ ಕಡೆ ಹೆಬ್ಬೆಟ್ಟು ಒತ್ತಿ ಬಂದೆ. ಕುಯ್ದವ್ರೆ, ಮಗಾ ಗಾಜಿನ ಪೆಟ್ಟಿಗೇಲಿ ಮಲಗದೆ. ಇಷ್ಟೇ ಇಷ್ಟು, ಅಳಿಲ್ ಮರಿ ಇದ್ದಂಗೆ" ಎಂದು ಅಂಗೈ ಅಗಲಿಸಿ ತೋರಿಸಿದರು. ಎಷ್ಟು ತಿಂಗಳು ಎಂದು ಕೇಳಿದೆ. ಅವರು ಹೇಳಿದರು. ನಾನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ.

ನಿನ್ನೆ 29. ಅವರ ಲೆಕ್ಕದಲ್ಲಿ ಎಂಟು ತುಂಬಿತು.

ಕುಣಿಗಲ್ಲಿಗೆ ಹೋದ ವಾರವೇ ಒಂದು ಕಾರ್ಡು ಬರೆದಿದ್ದೆ. ಇನ್‌ಲ್ಯಾಂಡ್ ಅಲ್ಲ, ಕಾರ್ಡು. ಅಂಚೆಯವನಿಂದ ಹಿಡಿದು ಎಲ್ಲರೂ ಓದಲಿ ಎಂದು. ಒಂದೇ ಸಾಲು: ನಿಮ್ಮ ಮನೆಗೆ ಗಂಡುಮಗು ಹುಟ್ಟಿತ್ತು. ಅಷ್ಟೇ. ನಿಮ್ಮ ಅತ್ತೆ ಅದನ್ನು ಎದೆಗೆ ಅಪ್ಪಿಕೊಂಡು ಮಿಲ್ಲಿನ ಮೆಟ್ಟಿಲ ಮೇಲೆ ಕೂತು ಗೋಳಾಡಿದಳಂತೆ. ಗುಂಡಯ್ಯ ಮೂರು ದಿನ ಮಿಲ್ಲು ಹಾಕಲಿಲ್ಲವಂತೆ. ಜುಲ್ಫಿಕರ್ ಹೇಳಿದ. ಕೇಳಿ ನನಗೆ ಊಟ ಸೇರಿತು. ನಿನಗೂ ಸಮಾಧಾನವಾಗಬಹುದು ಎಂದು ಬರೆದೆ. ಕಾಂತೇಶನ ಬಗ್ಗೆ ಅವನು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನೀನು ಕೇಳಿದ್ದಕ್ಕೆ ಬರುತ್ತಿದ್ದೇನೆ. ಬೈ ದಿ ಬೈ ಎಂದು ಶುರು ಮಾಡಿ ಬೈ ದಿ ಬೈನಲ್ಲೇ ಮುಗಿಸುತ್ತೀರಿ ಎಂದು ನಿಮ್ಮಮ್ಮ ನನಗೆ ಹೇಳುತ್ತಿದ್ದಳು.

ಮಣ್ಣು ಮಾಡಿದ್ದು ನಾನೇ. ನಿಮ್ಮಮ್ಮನ ಪಕ್ಕದಲ್ಲೇ. ಗುದ್ದಲಿ ಹಿಡಿಯಲು ಯಾರನ್ನೂ ಕರೆಯಲಿಲ್ಲ. ಮಳೆ ಬಿದ್ದ ನೆಲ, ಸುಲಭವಾಗಿ ಬಂತು. ಆಮೇಲೆ ಬಟ್ಟೆ ಬಿಚ್ಚಿದೆ. ನೋಡಬಾರದು ಎನ್ನುತ್ತಾರೆ, ನೋಡಿದೆ. ಎಂಟರದ್ದು ಎಂದರೆ ಏನೋ ಅರೆಬರೆ ಇರುತ್ತದೆ, ಕಣ್ಣು ಮೂಗು ಬಂದಿರುವುದಿಲ್ಲ ಎಂದುಕೊಂಡಿದ್ದೆ. ತಲೆ ತುಂಬ ಕೂದಲಿತ್ತು ಶಶಿ. ಹುಬ್ಬಿತ್ತು. ಕೈ ಮುಷ್ಟಿ ಹಿಡಿದಿತ್ತು, ಬಿಡಿಸಿ ನೋಡಿದೆ, ಉಗುರು ಬೆರಳಿನ ತುದಿಯವರೆಗೂ ಬಂದಿದ್ದವು. ಕಿರುಬೆರಳಿನದೂ ಬಂದಿತ್ತು. ಎಲ್ಲ ಬೆರಳೂ ನೋಡಿದೆ, ಯಾವುದೊಂದಾದರೂ ಕಡಿಮೆ ಇರುತ್ತದೆಯೋ ಎಂದು. ಕಡಿಮೆ ಇದ್ದಿದ್ದರೆ ನಾನು ಗುಂಡಯ್ಯನಿಗೆ ಬೇರೆ ತರಹ ಬರೆಯುತ್ತಿದ್ದೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿತ್ತು, ಕಾಲೇಜಿನಲ್ಲಿ ಕಲಿತದ್ದು. ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ, ಬರುತ್ತಿಲ್ಲ.

ಮನೆಗೆ ಬಾ ಎಂದು ಕರೆಯಲೋ ಬೇಡವೋ ತಿಳಿಯದು. ಬಾ. ನಿನ್ನ ಹಾಸಿಗೆ ಹಾಸಿದ ಹಾಗೇ ಇದೆ, ನಾನು ಮುಟ್ಟಿಲ್ಲ.

ಒಂದು ವಿನಂತಿ. ಮುಂದೆ ಯಾರು ಕೇಳಿದರೂ ನೀನೂ ಗಂಡು ಎಂದೇ ಹೇಳು. ಇಬ್ಬರ ಮಾತೂ ಒಂದೇ ಇರಲಿ. ಇಲ್ಲದಿದ್ದರೆ ಅವರ ಗೋಳು ಅಲ್ಲಿಗೇ ನಿಂತುಹೋಗುತ್ತದೆ. ಹೆಣ್ಣಾಗಿದ್ದರೆ ಹೋಗಲಿ ಬುಡು ಎಂದು ಆಕೆ ಮಾರನೆಯ ದಿನವೇ ಮಿಲ್ಲು ಹಾಕಿಸುತ್ತಾಳೆ. ಈ ಕಾಗದವನ್ನು ಸಿಸ್ಟರ್ ನಿನಗೆ ಓದಿ ಹೇಳುತ್ತಾರೆ. ಅವರಿಗೂ ಅಷ್ಟು ಹೇಳಿಬಿಡು, ಹೊರಗೆ ಆಡದ ಹಾಗೆ.

ನಿನ್ನ ಬಣ್ಣವೇ ಇತ್ತು.

ಆಯಾ ಬಂದು ಪಕ್ಕದಲ್ಲಿ ನಿಂತು, ಮುಗೀತಾ ಯಜಮಾನ್ರೇ, ಡ್ಯೂಟಿ ಬದಲಾಗ್ತದೆ, ಅನ್ನುತ್ತಿದ್ದಾಳೆ. ಮರದ ಕೆಳಗೆ ಆಗಲೇ ಕತ್ತಲಿಳಿಯುತ್ತಿದೆ. ಮೇಲಿನ ಸಾಲೇ ನನಗೆ ಕಾಣುತ್ತಿಲ್ಲ. ಹೆಣ್ಣು, ಶಶಿ.

ಮಹಾಲಿಂಗಯ್ಯ